ನಾಳೆ ಬಣ್ಣದ ಪೆನ್ಸಿಲ್ ತನ್ನಿ

ಲಾರಿಗೆ ಸ್ಟೆಪ್ನಿ ಹೇಗೋ ಶಾಲೆಗೆ ಬದಲಿ ಮೇಡಂ ಹಾಗೆ. ಒಬ್ಬ ಟೀಚರಿಗೆ ಹೆರಿಗೆ, ಇನ್ನೊಬ್ಬರಿಗೆ ಕಾಲು ಮುರಿತ, ಮತ್ತೊಬ್ಬರಿಗೆ ಮಗಳ ಮದುವೆ. ಟೀಚರು ರಜೆ ಹಾಕಿದರೆ ಮಕ್ಕಳೇನು ರಜೆ ಹಾಕುವುದಿಲ್ಲವಲ್ಲ, ಆಗ ಅವಳಿಗೆ ಫೋನು ಬರುತ್ತದೆ. ಮಾರನೆಯ ಬೆಳಿಗ್ಗೆ ಅವಳು ಆ ಶಾಲೆಯ ಗೇಟಿನ ಮುಂದೆ ಹಾಜರು. ಕೈಚೀಲದಲ್ಲಿ ಸ್ವಂತ ಸೀಮೆಸುಣ್ಣ, ಸ್ವಂತ ಡಸ್ಟರು, ಚಹಾ ಕುಡಿಯಲು ಸ್ವಂತ ಕಪ್ಪು. ಕಪ್ಪು ಯಾಕೆಂದರೆ, ಯಾವ ಶಾಲೆಯ ಸ್ಟಾಫ್ ರೂಮಿಗೆ ಹೋದರೂ ಗೋಡೆಯ ಮೇಲೆ ಸಾಲಾಗಿ ಕೊಕ್ಕೆಗಳಿರುತ್ತವೆ, ಕೊಕ್ಕೆಗೊಂದು ಕಪ್ಪು, ಕಪ್ಪಿಗೊಬ್ಬ ಯಜಮಾನ. ಬಂದು ಹೋಗುವವರ ಕಪ್ಪಿಗೆ ಕಿಟಕಿಯ ಕಟ್ಟೆಯೇ ಗತಿ. ಸ್ಟೆಪ್ನಿ ಮೇಡಂ ಎಂಬ ಹೆಸರಿಟ್ಟವನು ಒಬ್ಬ ಶಾಲಾ ಬಸ್ಸಿನ ಡ್ರೈವರು. ಅದು ಕಿವಿಗೆ ಬಿದ್ದಾಗ ಅವಳು ಸಿಟ್ಟು ಮಾಡಿಕೊಳ್ಳಲಿಲ್ಲ. "ಸ್ಟೆಪ್ನಿ ಇಲ್ದೆ ನಿನ್ನ ಗಾಡಿ ಹೊರಡುತ್ತೇನಪ್ಪಾ?" ಎಂದು ಕೇಳಿದಳಷ್ಟೆ. ಅಂದಿನಿಂದ ಅವನು ಅವಳಿಗೆ ಬಾಗಿಲ ಪಕ್ಕದ ಸೀಟು ಬಿಟ್ಟುಕೊಡುತ್ತಿದ್ದ.

ಅವಳ ಗಂಡ ದರ್ಜಿ. ಹೊಸ ಬಟ್ಟೆ ಹೊಲಿಯುವವನಲ್ಲ, ಆಲ್ಟ್ರೇಶನ್ ಮಾಡುವವನು. ಯಾರೋ ಹೊಲಿದದ್ದನ್ನು ಬಿಗಿ ಮಾಡುವುದು, ಸಡಿಲ ಮಾಡುವುದು, ಪ್ಯಾಂಟಿನ ಕಾಲು ಮಡಚುವುದು, ಜಿಪ್ಪು ಬದಲಿಸುವುದು, ಇಷ್ಟು. ಮಗಳು ನರ್ಸಿಂಗ್ ಓದುತ್ತ ಹಾಸ್ಟೆಲಿನಲ್ಲಿದ್ದುದರಿಂದ ಮನೆಯಲ್ಲಿ ಮಾತಿಗೆ ಇಬ್ಬರೇ. ಅವನೋ ಮಾತಿನ ಮಲ್ಲ. "ನೀನೂ ಆಲ್ಟ್ರೇಶನ್ನೇ ಕಣೇ," ಎನ್ನುತ್ತಿದ್ದ, "ಇನ್ನೊಬ್ರು ಕತ್ತರಿಸಿದ್ದಕ್ಕೆ ನಾವು ಹೊಲಿಗೆ ಹಾಕೋರು. ಹೊಸ ಬಟ್ಟೆಯ ತಾನು ಬಿಚ್ಚೋ ಯೋಗ ನಮ್ಮಿಬ್ರಿಗೂ ಬರೆದಿಲ್ಲ." ಸಂಜೆ ಅವಳು ಚಪ್ಪಲಿ ಬಿಡುವಾಗ ತಲೆಯೆತ್ತದೆ ಕೇಳುವ ಪ್ರಶ್ನೆಯೂ ಒಂದೇ: "ನಾಳೆ ಎಲ್ಲಿಗೆ ಸವಾರಿ?"

ಆ ಪ್ರಶ್ನೆಗೆ ನಗುತ್ತಲೇ ಉತ್ತರ ಕೊಡುತ್ತಿದ್ದಳು. ಒಳಗೆ ಮಾತ್ರ ನಗು ಇರಲಿಲ್ಲ. ಶಾಲೆ ತೆರೆದ ದಿನ ಅಳುತ್ತ ಬಂದ ಮಕ್ಕಳನ್ನು ವರ್ಷದ ಕೊನೆಯ ಗಂಟೆ ಹೊಡೆಯುವವರೆಗೆ ತನ್ನ ಬಳಿಯೇ ಇಟ್ಟುಕೊಂಡು, ಅವರು ಮುಂದಿನ ತರಗತಿಗೆ ಹೋಗುವುದನ್ನು ಬಾಗಿಲಲ್ಲಿ ನಿಂತು ನೋಡಬೇಕೆಂಬುದು ಅವಳ ಆಸೆ. ಒಂದೇ ಒಂದು ವರ್ಷ ಸಾಕಿತ್ತು. ಎಷ್ಟೋ ತರಗತಿಗಳ ಗ್ರೂಪ್ ಫೋಟೊಗಳು ಎಷ್ಟೋ ಶಾಲೆಗಳ ಗೋಡೆಯ ಮೇಲಿವೆ, ಅದರಲ್ಲಿರುವ ಮಕ್ಕಳಿಗೆ ಅವಳು ಮಗ್ಗಿ ಕಲಿಸಿದ್ದಾಳೆ, ಮೂಗು ಒರೆಸಿದ್ದಾಳೆ. ಫೋಟೊ ತೆಗೆಯುವ ಹೊತ್ತಿಗೆ ನಡುವಿನ ಕುರ್ಚಿಯಲ್ಲಿ ಬೇರೆಯವರು ಕೂತಿರುತ್ತಾರೆ.

ಹೀಗಾಗಿ ಅವಳು ತನಗೆ ತಾನೇ ಒಂದು ಕಟ್ಟುಪಾಡು ಹಾಕಿಕೊಂಡಿದ್ದಳು. ತರಗತಿಯಲ್ಲಿ 'ನಾಳೆ' ಎನ್ನಬಾರದು. ನಾಳೆ ಉಳಿದ ಕತೆ ಹೇಳುತ್ತೇನೆ, ನಾಳೆ ನಿನ್ನ ಚಿತ್ರ ನೋಡುತ್ತೇನೆ ಎಂದು ಹೇಳಿ ಹೋಗಿ, ಆ ನಾಳೆಗೆ ಇನ್ಯಾರೋ ಬಂದು ನಿಂತರೆ ಪಾಪ ಮಕ್ಕಳು ಯಾರನ್ನು ಕೇಳಬೇಕು? ಅವಳು ಹೇಳುವ ಕತೆಗಳೆಲ್ಲ ಗಂಟೆ ಹೊಡೆಯುವುದರೊಳಗೆ ಮುಗಿಯುತ್ತಿದ್ದವು. ಕಾಲ ಸಾಲದಿದ್ದರೆ ರಾಜಕುಮಾರನಿಗೆ ಅವಸರವಸರವಾಗಿ ಪಟ್ಟ ಕಟ್ಟಿ, ರಾಕ್ಷಸನನ್ನು ಒಂದೇ ವಾಕ್ಯದಲ್ಲಿ ಕೊಂದು ಕೈ ತೊಳೆದುಕೊಳ್ಳುತ್ತಿದ್ದಳು. ಹೊರಡುವ ದಿನವನ್ನೂ ಮೊದಲೇ ಹೇಳುತ್ತಿರಲಿಲ್ಲ.

ಇಂಥವಳು ಒಂದು ಶಾಲೆಯ ಮೂರನೇ ತರಗತಿಗೆ ಬಂದಳು.

ಆ ತರಗತಿಯ ಟೀಚರಿಗೆ ಒಂದು ಸಂಜೆ ಮನೆಯ ಮೆಟ್ಟಿಲ ಮೇಲೆ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿತ್ತು. ಆಪರೇಶನ್ ಆಗಬೇಕು, ಎದ್ದು ಓಡಾಡಲು ತಿಂಗಳುಗಳೇ ಹಿಡಿಯುತ್ತವೆ ಎಂದಿದ್ದರು. ಹಿಂದಿನ ದಿನ ನಗುನಗುತ್ತ ಹೋದವರು ಮಾರನೆಯ ದಿನ ಬರಲಿಲ್ಲ ಎಂಬುದಷ್ಟೇ ಮಕ್ಕಳಿಗೆ ಗೊತ್ತಿದ್ದದ್ದು. ಬದಲಿ ಮೇಡಂ ಒಳಗೆ ಬಂದಾಗ ಮೂವತ್ತು ಚಿಲ್ಲರೆ ಮುಖಗಳು ಅವಳ ಭುಜದಾಚೆ ಬಾಗಿಲನ್ನೇ ನೋಡಿದವು, ಅವಳ ಹಿಂದೆ ಇನ್ನೂ ಒಬ್ಬರು ಬರಬೇಕಾಗಿದೆ ಎಂಬಂತೆ.

ಇಂಥ ನೋಟ ಅವಳಿಗೆ ಹೊಸದಲ್ಲ. ಟೀಚರ ಕುರ್ಚಿಯಲ್ಲಿ ಅವಳು ಕೂರಲಿಲ್ಲ, ಅದು ಅವಳ ಪದ್ಧತಿ. ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದುಕೊಂಡಳು. "ಇದು ನಿಮ್ಮ ಮನೆ, ನಾನು ನೆಂಟರ ಥರ ಬಂದಿದೀನಿ," ಎಂದಳು. "ಕಸದ ಬುಟ್ಟಿ ಎಲ್ಲಿಡ್ತೀರಿ, ನೀರಿಗೆ ಯಾವಾಗ ಹೋಗ್ತೀರಿ, ಯಾರ ಪಕ್ಕ ಯಾರು ಕೂತ್ರೆ ಜಗಳ ಆಗುತ್ತೆ, ಎಲ್ಲಾ ನೀವೇ ನನಗೆ ಹೇಳಿಕೊಡ್ಬೇಕು." ದೊಡ್ಡವರಿಗೆ ಬುದ್ಧಿ ಹೇಳುವ ಅವಕಾಶವನ್ನು ಯಾವ ಮಗು ಬಿಟ್ಟೀತು? ಒಬ್ಬರ ಮೇಲೊಬ್ಬರು ಬಿದ್ದು ಹೇಳತೊಡಗಿದರು. ಎಲ್ಲರಿಗಿಂತ ಹೆಚ್ಚು ಹೇಳಿದವಳು ಎರಡನೇ ಬೆಂಚಿನ ಹುಡುಗಿ. ಪ್ರತಿ ಮಾತಿಗೂ 'ಆದ್ರೆ' ಸೇರಿಸುವ ಅವಳನ್ನು ಇಡೀ ತರಗತಿ ಲಾಯರಮ್ಮ ಎಂದೇ ಕರೆಯುತ್ತಿತ್ತು.

ಎಲ್ಲ ಸರಿಹೋಯಿತು ಎನ್ನುವಾಗ ಮೇಡಂ ಹಲಗೆ ಒರೆಸಲು ಡಸ್ಟರು ಎತ್ತಿದಳು.

"ಮೂಲೇಲಿರೋದನ್ನ ಅಳಿಸ್ಬೇಡಿ ಮೇಡಂ," ಎಂದಳು ಲಾಯರಮ್ಮ.

ಹಲಗೆಯ ಮೇಲಿನ ಎಡಮೂಲೆಯಲ್ಲಿ ಒಂದು ಚೌಕ, ಚೌಕದೊಳಗೆ ಗುಂಡುಗುಂಡಾದ ಅಕ್ಷರಗಳಲ್ಲಿ ಒಂದು ಸಾಲು: ನಾಳೆ ಬಣ್ಣದ ಪೆನ್ಸಿಲ್ ತನ್ನಿ. ಟೀಚರು ಕೊನೆಯ ದಿನ ಮನೆಗೆ ಹೊರಡುವ ಮುಂಚೆ ಬರೆದದ್ದು. ಮೇಡಂ ಆ ಚೌಕವನ್ನು ಬಿಟ್ಟು ಉಳಿದ ಹಲಗೆಯನ್ನು ಒರೆಸಿದಳು.

ಅದರ ಪೂರ್ತಿ ಅರ್ಥ ಅವಳಿಗೆ ತಿಳಿದದ್ದು ಚಿತ್ರದ ಪೀರಿಯಡ್ಡಿನಲ್ಲಿ. "ಬಣ್ಣದ ಪೆನ್ಸಿಲ್ ಇದ್ದೋರು ತೆಗೀರಿ," ಎಂದರೆ ಯಾರೂ ಅಲುಗಾಡಲಿಲ್ಲ. ಯಾರ ಬಳಿಯೂ ಇಲ್ಲವೇನೋ ಎಂದುಕೊಂಡಳು. ಇತ್ತು, ಎಲ್ಲರ ಬ್ಯಾಗಿನಲ್ಲೂ ಇತ್ತು. ಟೀಚರು ಬರೆದ ಮಾರನೆಯ ದಿನದಿಂದ ಅವರು ದಿನವೂ ಪೆನ್ಸಿಲ್ ಡಬ್ಬಿ ಹೊತ್ತು ತರುತ್ತಿದ್ದರು, ದಿನವೂ ಹಾಗೇ ವಾಪಸು ಒಯ್ಯುತ್ತಿದ್ದರು. ಮನೆಯಲ್ಲಿ ತಾಯಂದಿರು ಬೈದರೂ ಬಿಟ್ಟಿರಲಿಲ್ಲ.

"ಇದೆಯಲ್ಲ, ಮತ್ತೆ ತೆಗೀರಿ," ಎಂದಳು ಮೇಡಂ.

"ಆದ್ರೆ ಅದು ಟೀಚರ್ ತರೋಕೆ ಹೇಳಿದ್ದು," ಎಂದಳು ಲಾಯರಮ್ಮ. "ಅವರು ನಾಳೆ ಅಂದ್ರು. ಆ ನಾಳೆ ಇನ್ನೂ ಬಂದಿಲ್ಲ."

ಅಂದು ಎಲ್ಲರೂ ಸೀಸದ ಪೆನ್ಸಿಲ್ಲಿನಲ್ಲೇ ಕಾಮನಬಿಲ್ಲು ಬರೆದರು.

ದಿನ ಕಳೆದಂತೆ ಮಕ್ಕಳು ಅವಳಿಗೆ ಒಗ್ಗಿದರು. ಓದಲು ನಿಂತರೆ ಗಂಟಲು ಕಟ್ಟುತ್ತಿದ್ದ ಹುಡುಗಿಯ ಪಕ್ಕ ನಿಂತು, ತಾನೂ ಅವಳ ಜೊತೆ ಸಣ್ಣ ದನಿಯಲ್ಲಿ ಓದುತ್ತ, ಎಲ್ಲೋ ಒಂದು ಕಡೆ ತನ್ನ ದನಿಯನ್ನು ನಿಲ್ಲಿಸಿಬಿಡುತ್ತಿದ್ದಳು. ಹುಡುಗಿಗೆ ಗೊತ್ತಾಗುವಷ್ಟರಲ್ಲಿ ಅರ್ಧ ಪುಟ ದಾಟಿರುತ್ತಿತ್ತು. ಹಲಗೆಯದನ್ನು ಬರೆಯದೆ ಬಾರಿಬಾರಿಗೂ ಬೈಸಿಕೊಳ್ಳುತ್ತಿದ್ದವನನ್ನು ಮುಂದಿನ ಬೆಂಚಿಗೆ ಕರೆದು, ಅವನ ಅಮ್ಮನಿಗೆ ಕಣ್ಣಿನ ಡಾಕ್ಟರ ಹತ್ತಿರ ಹೋಗಲು ಹೇಳಿದಳು. ಹುಟ್ಟುಹಬ್ಬದ ದಿನ ಯಾರೂ ವಿಚಾರಿಸಲಿಲ್ಲವೆಂದು ಮುಖ ಊದಿಸಿಕೊಂಡವನಿಗೆ ಇಡೀ ದಿನ ಗಂಟೆ ಹೊಡೆಯುವ ಅಧಿಕಾರ ಕೊಡಿಸಿದಳು. ಮಕ್ಕಳು ಅವಳ ಮೈಮೇಲೆ ಬೀಳುವಷ್ಟು ಸಲಿಗೆ ಬೆಳೆಯಿತು. ಆದರೂ ಅವರ ಬಾಯಲ್ಲಿ ಆಸ್ಪತ್ರೆಯಲ್ಲಿದ್ದವರು 'ನಮ್ಮ ಟೀಚರ್', ಎದುರಿಗಿದ್ದವಳು ಬರೀ 'ಮೇಡಂ'. ಪೆನ್ಸಿಲ್ ಡಬ್ಬಿಗಳು ಬ್ಯಾಗಿನೊಳಗೇ ಇದ್ದವು.

ಸೀಮೆಸುಣ್ಣದ ಬರಹಕ್ಕೆ ಆಯಸ್ಸು ಎಷ್ಟು? ಹಲಗೆ ಒರೆಸುವಾಗ ಡಸ್ಟರಿನ ಅಂಚು ತಾಗಿ, ಕಿಟಕಿಯ ಗಾಳಿ ಬಡಿದು, ಮೂಲೆಯ ಸಾಲು ಮಸುಕಾಗುತ್ತ ಬಂತು. ಅದು ಅಳಿಸಿಹೋದರೆ ಟೀಚರು ಬರುವುದಿಲ್ಲ ಎಂಬ ಮಾತು ಬೆಂಚಿನಿಂದ ಬೆಂಚಿಗೆ ಹರಿದಾಡುತ್ತಿರುವುದು ಮೇಡಂ ಕಿವಿಗೂ ಬಿತ್ತು. ಅಂದು ಶಾಲೆ ಬಿಟ್ಟ ಮೇಲೆ, ಜವಾನ ಕಸ ಗುಡಿಸಲು ಬರುವ ಮೊದಲು, ಸ್ಟೂಲು ಹತ್ತಿ ನಿಂತು ಆ ಅಕ್ಷರಗಳ ಮೇಲೆಯೇ ಸೀಮೆಸುಣ್ಣ ಓಡಿಸಿದಳು. ಅವಳ ಕೈಬರಹ ಬಲಕ್ಕೆ ವಾಲುವಂಥದ್ದು, ಟೀಚರದು ಗುಂಡು. ಉಸಿರು ಬಿಗಿಹಿಡಿದು, ಒಂದೊಂದೇ ಸುತ್ತನ್ನು ತಿದ್ದಿದಳು. ಆಮೇಲೆ ಮಸುಕಾದಾಗಲೆಲ್ಲ ತಿದ್ದುವುದು ರೂಢಿಯಾಯಿತು. ಮಕ್ಕಳಿಗೆ ತಿಳಿಯಲಿಲ್ಲ.

ಹೀಗಿರುವಾಗ ಹೆಡ್‌ಮಾಸ್ತರು ಒಂದು ದಿನ ಅವಳನ್ನು ಕೋಣೆಗೆ ಕರೆದರು.

"ಟೀಚರು ವಾಪಸು ಬರೋದು ಅನುಮಾನ ಮೇಡಂ," ಎಂದರು. "ಅವರ ಜಾಗಕ್ಕೆ ಕಾಯಂ ಆಗಿ ಒಬ್ಬರನ್ನ ಹಾಕೋಣ ಅಂತ ಆಡಳಿತದವರು ಹೇಳ್ತಿದಾರೆ. ಮಕ್ಕಳು ನಿಮಗೆ ಹೊಂದ್ಕೊಂಡಿದ್ರೆ ನಿಮ್ಮನ್ನೇ ಹಾಕೋಣ ಅಂತ ನನ್ನ ಮನಸ್ಸು. ಕ್ಲಾಸಿಗೆ ಒಂದ್ಸಲ ಬಂದು ನೋಡ್ತೀನಿ."

ಅವಳು ಹೊರಗೆ ಬಂದಾಗ ಕಾಲು ನೆಲದ ಮೇಲಿರಲಿಲ್ಲ. ಸಂಜೆ ದಾರಿಯಲ್ಲಿ ಅಂಗಡಿಗೆ ಹೋಗಿ, ಎಷ್ಟೋ ಹೊತ್ತು ಆರಿಸಿ ಒಂದು ಹಿತ್ತಾಳೆಯ ಕೊಕ್ಕೆ ಕೊಂಡಳು, ತನ್ನ ಕಪ್ಪಿಗೆ. ಗಂಡ ಅದನ್ನು ಬೆಳಕಿಗೆ ಹಿಡಿದು ನೋಡಿದ. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಂತೆ," ಎಂದು ನಕ್ಕ. ಆದರೆ ಆ ಸಂಜೆ ಅವನು 'ನಾಳೆ ಎಲ್ಲಿಗೆ' ಎಂದು ಕೇಳಲಿಲ್ಲ.

ಮಾರನೆಯ ದಿನ ಅವಳು ಒಂದು ದೊಡ್ಡ ಕತೆ ಶುರುಮಾಡಿದಳು. ಗಂಟೆ ಹೊಡೆಯಿತು, ರಾಜಕುಮಾರ ಇನ್ನೂ ಕಾಡಿನ ಬಾಗಿಲಲ್ಲೇ ಇದ್ದ. "ಉಳಿದದ್ದು ನಾಳೆ," ಎಂದಳು. ಆ ಪದ ಬಾಯಿಂದ ಹೊರಗೆ ಬಂದಾಗ ಅವಳಿಗೇ ನಾಚಿಕೆಯಾಯಿತು, ಸಂತೋಷವೂ ಆಯಿತು.

ಆ ಸಂಜೆ ಮೂಲೆಯ ಸಾಲು ಮಸುಕಾಗಿತ್ತು. ಅವಳು ಸ್ಟೂಲಿನ ತನಕ ಹೋದಳು, ಆದರೆ ಹತ್ತಲಿಲ್ಲ. ನಾನೇನು ಅಳಿಸುತ್ತಿಲ್ಲವಲ್ಲ, ತಾನಾಗಿ ಹೋದರೆ ನಾನೇನು ಮಾಡಲಿ, ಎಂದುಕೊಂಡಳು. ಮನಸ್ಸು ಇಂಥ ನ್ಯಾಯಗಳನ್ನು ಹುಡುಕುವುದರಲ್ಲಿ ಬಲು ಚುರುಕು. ಮರುದಿನವೂ ಹತ್ತಲಿಲ್ಲ, ಅದರ ಮರುದಿನವೂ ಇಲ್ಲ. 'ಪೆನ್ಸಿಲ್' ಮೊದಲು ಹೋಯಿತು, ಆಮೇಲೆ 'ತನ್ನಿ'. ಚೌಕದ ಒಂದು ಗೆರೆ ಕಿತ್ತುಹೋಯಿತು. ಅವಳು ಕತೆ ಮುಂದುವರಿಸುತ್ತಲೇ ಇದ್ದಳು, ಮಕ್ಕಳು ಕೇಳುತ್ತಲೂ ಇದ್ದರು. ಆದರೆ ಕೇಳುವಾಗ ಅವರ ಕಣ್ಣು ಮೆಲ್ಲಗೆ ಆ ಮೂಲೆಗೆ ಹೋಗಿ ಬರುತ್ತಿತ್ತು. ಅದನ್ನು ಅವಳು ಕಂಡೂ ಕಾಣದ ಹಾಗಿದ್ದಳು.

ಒಂದು ಮಧ್ಯಾಹ್ನ, ಚಿತ್ರದ ಪೀರಿಯಡ್ಡು. ಅವಳು ಏನೂ ಹೇಳಿರಲಿಲ್ಲ. ಲಾಯರಮ್ಮ ತನ್ನ ಬ್ಯಾಗಿನಿಂದ ಪೆನ್ಸಿಲ್ ಡಬ್ಬಿ ತೆಗೆದು ಡೆಸ್ಕಿನ ಮೇಲಿಟ್ಟಳು. ಪಕ್ಕದವಳು ಅವಳನ್ನು ನೋಡಿ ತಾನೂ ಇಟ್ಟಳು. ಹಿಂದಿನ ಬೆಂಚಿನವರೂ ಒಬ್ಬೊಬ್ಬರಾಗಿ ಇಟ್ಟರು. ಸದ್ದಿಲ್ಲ, ಗಲಾಟೆಯಿಲ್ಲ. ಮೂರನೇ ತರಗತಿಯ ಮಕ್ಕಳು ಅಷ್ಟು ಮೌನವಾಗಿ ಏನನ್ನಾದರೂ ಮಾಡಿದ್ದನ್ನು ಅವಳು ಎಂದೂ ಕಂಡಿರಲಿಲ್ಲ.

"ನೀವೇ ಬಣ್ಣ ಹಾಕ್ಸಿ ಮೇಡಂ," ಎಂದಳು ಲಾಯರಮ್ಮ.

"ಯಾಕೆ, ಅದು ಟೀಚರಿಗೆ ಅಂದಿದ್ಯಲ್ಲ?"

"ಅವರು ಬರಲ್ಲ."

ಈ ಸಲ ಅವಳ ಮಾತಿನಲ್ಲಿ 'ಆದ್ರೆ' ಇರಲಿಲ್ಲ.

ಇಷ್ಟು ದಿನ ಮೇಡಂ ಬಯಸಿದ್ದು ಇದನ್ನೇ. ಆ ಡಬ್ಬಿಗಳು ತನ್ನ ಮುಂದೆ ತೆರೆದರೆ ಈ ಮಕ್ಕಳು ತನ್ನವರು ಎಂದು ಅವಳು ಗುಟ್ಟಾಗಿ ನಂಬಿದ್ದಳು. ಈಗ ಎಲ್ಲ ಡಬ್ಬಿಗಳೂ ಮುಂದಿವೆ, ಮುಖಗಳು ಮಾತ್ರ ಡಬ್ಬಿಯ ಕಡೆ ಇಲ್ಲ. ಯಾರಿಗೋ ಕಾದು ಕಾದು, ಇನ್ನು ಬರುವುದಿಲ್ಲವೆಂದು ಎದ್ದು ಬಾಗಿಲು ಹಾಕಿಕೊಳ್ಳುವವರ ಮುಖ ಅದು. ಬಾಗಿಲು ಹಾಕಿಸಿದವಳು ತಾನೇ ಎಂದು ಅವಳಿಗೆ ಹೊಳೆಯಿತು.

ಅವಳು ಸ್ಟೂಲನ್ನು ಎಳೆದು ಹಲಗೆಯ ಕೆಳಗೆ ಇಟ್ಟಳು. ಎಲ್ಲರ ಎದುರಿಗೇ ಹತ್ತಿ, ಸೀಮೆಸುಣ್ಣ ತೆಗೆದು, ಉಳಿದಿದ್ದ ಗುರುತಿನ ಮೇಲೆ ಕೈಯಾಡಿಸುತ್ತ ಹೋದಳು. ಗುರುತು ಇಲ್ಲದ ಕಡೆ ನೆನಪಿನಿಂದ ಬರೆದಳು. ಕೈಗೆ ಅಭ್ಯಾಸವಾಗಿತ್ತು, ಅಕ್ಷರ ಗುಂಡಾಗಿಯೇ ಬಂತು. ಕಿತ್ತುಹೋದ ಗೆರೆ ಎಳೆದು ಚೌಕ ಮುಚ್ಚಿದಳು.

"ಇಷ್ಟು ದಿನ ನೀವೇ ಬರೀತಿದ್ರಾ?" ಎಂದು ಕೇಳಿದಳು ಲಾಯರಮ್ಮ.

"ಹೂಂ. ಅವರು ಬರೆದದ್ದರ ಮೇಲೇ."

"ಮತ್ತೆ ಈಗ ಯಾಕೆ ಬಿಟ್ಟಿದ್ರಿ?"

ಮೇಡಂ ಸ್ಟೂಲಿನಿಂದ ಇಳಿದಳು. "ತಪ್ಪಾಯ್ತು," ಎಂದಳು. "ಡಬ್ಬಿ ಒಳಗಿಡಿ."

ಡಬ್ಬಿಗಳು ಒಳಗೆ ಹೋದವು. ಒಂದೇ ಕ್ಷಣದಲ್ಲಿ ತರಗತಿ ಸಂತೆಯಾಯಿತು, ಯಾರೋ ಯಾರದೋ ರಬ್ಬರ್ ಕದ್ದರು, ಎಲ್ಲ ಸರಿಹೋಯಿತು.

ಹೆಡ್‌ಮಾಸ್ತರು ಬಂದದ್ದು ಅದರ ಮರುದಿನ. ಹೊಳೆಯುತ್ತಿದ್ದ ಮೂಲೆಯ ಸಾಲು ಅವರ ಕಣ್ಣಿಗೆ ಬಿತ್ತು. ಇದೇನು ಎಂದು ಕೇಳಿದ್ದೇ ತಡ, ಲಾಯರಮ್ಮ ಎದ್ದು ನಿಂತು ಮೊದಲಿನಿಂದ ಕೊನೆಯವರೆಗೆ ವಾದ ಮಂಡಿಸಿದಳು. ಸಾಕ್ಷಿಗೆ ಡಬ್ಬಿಗಳನ್ನೂ ತೆಗೆಸಿ ತೋರಿಸಿದಳು. ಹೆಡ್‌ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡು, ಮೇಡಂ ಅನ್ನು ವರಾಂಡಕ್ಕೆ ಕರೆದರು.

"ಏನ್ ಮೇಡಂ, ಮಕ್ಕಳು ನಿಮಗೆ ಹೊಂದ್ಕೊಂಡಿದಾರೆ ಅಂತ ಬರೀಲಾ?"

ಒಂದು 'ಹೂಂ' ಸಾಕಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಕೈಚೀಲದ ತಳದಲ್ಲಿ ಹಿತ್ತಾಳೆಯ ಕೊಕ್ಕೆ ಇತ್ತು.

"ಪಾಠಕ್ಕೆ ಹೊಂದ್ಕೊಂಡಿದಾರೆ ಸಾರ್," ಎಂದಳು. "ಆದ್ರೆ ಅವರು ಕಾಯ್ತಿದಾರೆ. ಟೀಚರಿಗೆ ಇದು ಗೊತ್ತಾ?"

"ಇಲ್ಲ. ಕೋಲು ಹಿಡ್ಕೊಂಡು ಬಂದು ಮಕ್ಕಳ ಮುಂದೆ ಯಾಕೆ ನಿಲ್ಲಲಿ, ಅವರು ನನ್ನ ಮರೆತಿರ್ತಾರೆ ಅಂತಾರೆ. ರಾಜೀನಾಮೆ ಕೊಡೋ ಯೋಚನೇಲಿದಾರೆ."

"ಪೆನ್ಸಿಲ್ ವಿಷಯ ಹೇಳಿ ಸಾರ್."

"ಹೇಳಿದ್ರೆ ಅವರು ಎದ್ದು ಬಂದ್ಬಿಡ್ತಾರೆ. ನಿಮ್ಮ ಕೆಲಸದ ಗತಿ?"

"ಹೇಳಿ ಸಾರ್," ಎಂದಳು ಅವಳು ಮತ್ತೆ, ಮತ್ತು ಒಳಗೆ ಹೋಗಿ ರಾಜಕುಮಾರನನ್ನು ಕಾಡಿನಿಂದ ಹೊರಗೆ ತರಲು ಶುರುಮಾಡಿದಳು. ಅವನ ಕತೆ ಇನ್ನು ಬೇಗ ಮುಗಿಯಬೇಕಾಗಿತ್ತು.

ಸಂಜೆ ಗಂಡನಿಗೆ ನಡೆದದ್ದನ್ನು ಹೇಳಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾನೆಂದು ಕಾದಳು. ಅವನು ಕೊಕ್ಕೆಯನ್ನು ತೆಗೆದುಕೊಂಡು ಗುಂಡಿಗಳ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟ. "ತುಕ್ಕು ಹಿಡಿಯೋ ಸಾಮಾನಲ್ಲ, ಇರಲಿ," ಎಂದ.

ಟೀಚರು ಬಂದರು. ಕೋಲೂರಿಕೊಂಡು, ಗಂಡನ ತೋಳು ಹಿಡಿದುಕೊಂಡು, ವರಾಂಡದ ಉದ್ದಕ್ಕೂ ಎರಡು ಸಲ ನಿಂತು ಸುಧಾರಿಸಿಕೊಂಡು ಬಂದರು. ಮೊದಲ ದಿನ ಅವರಿಗೆ ತುಂಬ ಹೊತ್ತು ನಿಲ್ಲಲು ಆಗದು ಎಂದು ಹೆಡ್‌ಮಾಸ್ತರು ಮೇಡಂ ಅನ್ನೂ ಆ ಒಂದು ದಿನಕ್ಕೆ ಇರಿಸಿಕೊಂಡಿದ್ದರು. ಬಾಗಿಲಲ್ಲಿ ಟೀಚರ ಕೋಲು ಕಂಡದ್ದೇ ಮಕ್ಕಳು ಓಡಿಹೋಗಲಿಲ್ಲ, ಕೂಗಲಿಲ್ಲ. ಬ್ಯಾಗಿಗೆ ಕೈಹಾಕಿ ಡಬ್ಬಿ ತೆಗೆದು ಡೆಸ್ಕಿನ ಮೇಲಿಟ್ಟು, ಕೈಕಟ್ಟಿ ಕೂತರು. ತಂದಿದ್ದೇವೆ, ನೋಡಿ, ಎಂಬಂತೆ.

ಟೀಚರು ತಮ್ಮ ಕುರ್ಚಿಯಲ್ಲಿ ಕೂತು, ಬಹಳ ಹೊತ್ತು ಮೂಲೆಯ ಸಾಲನ್ನೇ ನೋಡಿದರು. ಆಮೇಲೆ ಅಳು ನಗು ಎರಡೂ ಒಟ್ಟಿಗೆ ಬಂದು, "ಯಾಕೆ ತರೋಕೆ ಹೇಳಿದ್ದೆ ಅನ್ನೋದೇ ಮರೆತುಹೋಯ್ತಲ್ರೋ," ಎಂದರು. ಮಕ್ಕಳಿಗೆ ಅದರಿಂದ ಏನೂ ಆಗಬೇಕಾಗಿರಲಿಲ್ಲ. ತರಲು ಹೇಳಿದ್ದರು, ತಂದಿದ್ದರು.

ಆದರೆ ಅಷ್ಟು ಕಾಲ ಬ್ಯಾಗಿನಲ್ಲಿ ಕುಲುಕಾಡಿ ಪೆನ್ಸಿಲ್ಲುಗಳ ಮೊನೆಗಳೆಲ್ಲ ಮುರಿದಿದ್ದವು. ಮೇಡಂ ಕೊನೆಯ ಬೆಂಚಿನಲ್ಲಿ ಕೂತು ಹೆರೆದು ಕೊಡತೊಡಗಿದಳು. ಒಬ್ಬೊಬ್ಬರಾಗಿ ಬಂದು ಮುರಿದದ್ದನ್ನು ಕೊಟ್ಟು, ಚೂಪಾದದ್ದನ್ನು ಒಯ್ದರು. ಕೆಂಪು, ಹಸಿರು, ನೀಲಿ ಸಿಪ್ಪೆ ಅವಳ ಮಡಿಲಲ್ಲಿ ತುಂಬಿತು. ಮುಂದೆ ಟೀಚರ ಸುತ್ತ ಮಕ್ಕಳ ತಲೆಗಳು ಮುತ್ತಿಕೊಂಡಿದ್ದವು. ತಾನೊಮ್ಮೆ ಆ ತಲೆಗಳ ನಡುವೆ ಇರಬೇಕಾಗಿತ್ತು ಎಂದು ಅವಳಿಗೆ ಅನ್ನಿಸಿತು, ಎಷ್ಟು ಅನ್ನಿಸಿತೆಂದರೆ ಕೈಯಲ್ಲಿದ್ದ ಹಳದಿ ಪೆನ್ಸಿಲ್ಲನ್ನು ಅರ್ಧದವರೆಗೆ ಹೆರೆದುಬಿಟ್ಟಳು.

ಕೊನೆಯ ಗಂಟೆಯಾಯಿತು. ಟೀಚರನ್ನು ಗಂಡ ಬಂದು ಕರೆದುಕೊಂಡು ಹೋಗಿದ್ದರು. ಮೇಡಂ ತನ್ನ ಡಸ್ಟರು, ಕಪ್ಪು ಎತ್ತಿಟ್ಟುಕೊಂಡು, ಯಾವತ್ತಿನಂತೆ ಏನೂ ಹೇಳದೆ ಹೊರಡುವವಳಿದ್ದಳು. ನೋಡಿದರೆ ಮಕ್ಕಳು ಯಾರೂ ಬೆಂಚು ಬಿಟ್ಟು ಎದ್ದಿಲ್ಲ.

ಲಾಯರಮ್ಮ ಮುಂದೆ ಬಂದು ಅವಳ ಕೈಗೆ ಸೀಮೆಸುಣ್ಣ ಕೊಟ್ಟಳು.

"ನೀವೂ ಬರೆದು ಹೋಗಿ ಮೇಡಂ," ಎಂದಳು. "ನಾವು ಏನು ತರ್ಬೇಕು ಅಂತ."

ಮೇಡಂ ಹಲಗೆಯ ಕಡೆ ತಿರುಗಿದಳು. ಟೀಚರ ಚೌಕವನ್ನು ಮಧ್ಯಾಹ್ನವೇ ಅಳಿಸಿಯಾಗಿತ್ತು, ಆ ಜಾಗವನ್ನು ಮಕ್ಕಳು ಸ್ಟೂಲು ಹತ್ತಿ ಒದ್ದೆ ಬಟ್ಟೆಯಿಂದ ಒರೆಸಿ ಇಟ್ಟಿದ್ದರು, ಹೊಸ ಚೌಕವನ್ನೂ ಯಾರೋ ಡೊಂಕುಡೊಂಕಾಗಿ ಎಳೆದಿದ್ದರು. ಅವಳು ಕೈಯೆತ್ತಿದಳು. 'ನಾಳೆ' ಎಂದು ಬರೆಯಲು ಎಷ್ಟು ಹೊತ್ತು ಬೇಕು? ಕೈ ಹಲಗೆಯ ಹತ್ತಿರದವರೆಗೆ ಹೋಯಿತು, ಅಲ್ಲೇ ನಿಂತಿತು.

ಅವಳು ತಿರುಗಿ ಲಾಯರಮ್ಮನ ತಲೆಯ ಮೇಲೆ ಕೈಯಿಟ್ಟಳು. "ನನಗೇನೂ ಬೇಡ ಕಣಮ್ಮ. ಹೊತ್ತಾಯ್ತು, ಬಸ್ಸು ಹೊರಟುಬಿಡುತ್ತೆ, ಓಡಿ," ಎಂದಳು. ಲಾಯರಮ್ಮ ಒಂದು 'ಆದ್ರೆ' ಹೇಳಲು ಬಾಯಿ ತೆರೆದಳು. ಆಮೇಲೆ ಮೇಡಂ ಮುಖ ನೋಡಿ ಬ್ಯಾಗನ್ನು ಹೆಗಲಿಗೇರಿಸಿದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು. ಬರೆದಿದ್ದರೆ ಏನು ಬರೆಯುತ್ತಿದ್ದೆ? ಒಂದೊಂದು ಎಲೆ ತನ್ನಿ ಎನ್ನಬಹುದಿತ್ತು, ಹೊರೆಯಾಗುತ್ತಿರಲಿಲ್ಲ. ಒಂದು ಗುಂಡಿ. ಒಂದು ನುಣುಪಾದ ಕಲ್ಲು. ನಿಮ್ಮ ಚಿಕ್ಕಂದಿನ ಫೋಟೊ ತನ್ನಿ ಎನ್ನಬಹುದಿತ್ತು, ನೋಡಲು ಚೆನ್ನಾಗಿರುತ್ತಿತ್ತು. ಇಳಿಯುವ ಜಾಗ ಬಂದರೂ ಯೋಚನೆ ಮುಗಿದಿರಲಿಲ್ಲ, ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದು ಬಂದಳು.

ಗಂಡ ಮಿಶಿನ್ನಿನ ಮುಂದೆ ಯಾರದೋ ಪ್ಯಾಂಟು ಹರವಿಕೊಂಡಿದ್ದ. ಅವಳು ಚಪ್ಪಲಿ ಬಿಟ್ಟಳು.

"ನಾಳೆ ಎಲ್ಲಿಗೆ ಸವಾರಿ?" ಎಂದ.

"ಇನ್ನೂ ಫೋನು ಬಂದಿಲ್ಲ." ಅವಳು ಮುಷ್ಟಿ ಬಿಚ್ಚಿದಳು. ಲಾಯರಮ್ಮ ಕೊಟ್ಟ ಸೀಮೆಸುಣ್ಣ ಬೆವರಿಗೆ ಅಂಟಿಕೊಂಡು ಅಲ್ಲೇ ಇತ್ತು. ಅದನ್ನು ಅವನ ಮುಂದಿಟ್ಟಳು. "ನಾವು ಏನು ತರ್ಬೇಕು, ಬರೆದು ಹೋಗಿ ಅಂತ ಮಕ್ಕಳು ಕೇಳಿದ್ರು."

ಅವನು ತಲೆಯೆತ್ತಿದ. "ಏನು ಬರೆದೆ?"

"ಏನೂ ಬರೀಲಿಲ್ಲ."

"ಯಾಕೇ, ಏನಾದ್ರೂ ಒಂದು ಬರೀಬಾರದಿತ್ತಾ?"

ಅವಳು ನೆಲದ ಮೇಲೆ ಕೂತು, ಕೈಚೀಲಕ್ಕೆ ಅಂಟಿದ್ದ ಪೆನ್ಸಿಲ್ ಸಿಪ್ಪೆಯನ್ನು ಒಂದೊಂದಾಗಿ ಬಿಡಿಸತೊಡಗಿದಳು.

"ಬರೆದ್ರೆ ದಿನಾ ತರ್ತಾರೆ ಕಣ್ರೀ," ಎಂದಳು.